ತೂತು ಬಟ್ಟಲಿನ ಲೆಕ್ಕ

ಹಿತ್ತಾಳೆಯ ಕಾಫಿ ಫಿಲ್ಟರ್ ಇರುವ ಮನೆಯಲ್ಲಿ ಡಿಕಾಕ್ಷನ್ ಇಳಿಯದೆ ನಿಂತರೆ ಯಾರೂ ಹೊಸ ಫಿಲ್ಟರ್ ತರಲು ಪಾತ್ರೆ ಅಂಗಡಿಗೆ ಓಡುವುದಿಲ್ಲ. ಮೇಲಿನ ಬಟ್ಟಲನ್ನು ತೊಳೆದು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ತೂತುಗಳು ತೆರೆದಿವೆಯೇ ಎಂದು ನೋಡುತ್ತಾರೆ. ಮುಚ್ಚಿಕೊಂಡಿದ್ದರೆ ಗ್ಯಾಸ್ ಒಲೆಯ ಉರಿಯ ಮೇಲೆ ಒಂದು ಗಳಿಗೆ ಹಿಡಿದು ತಟ್ಟುತ್ತಾರೆ. ಸುಟ್ಟ ಚರಟ ಉದುರುತ್ತದೆ, ಮರುದಿನ ಬೆಳಿಗ್ಗೆ ಡಿಕಾಕ್ಷನ್ ತೊಟ್ಟಿಕ್ಕುತ್ತದೆ.

ಅದೇ ಮನೆಗೆ ಎಸ್ಪ್ರೆಸೊ ಯಂತ್ರ ಬಂದಾಗ ಈ ಬುದ್ಧಿ ಹಿಂದೆ ಸರಿಯುತ್ತದೆ. ಕಾಫಿ ಹುಳಿಯಾಯಿತೆಂದು ಬೀಜ ಬದಲಾಗುತ್ತದೆ, ನೀರುನೀರಾಯಿತೆಂದು ಪುಡಿಯ ಹದ ಬದಲಾಗುತ್ತದೆ, ಕೊನೆಗೆ ಯಂತ್ರವನ್ನೇ ಮಾರಿ ಇನ್ನೂ ದೊಡ್ಡದನ್ನು ತರುವ ಮಾತು ಬರುತ್ತದೆ. ಯಂತ್ರದ ಹಿಡಿಕೆಯೊಳಗೆ ಕೂತ ಅಂಗೈ ಅಗಲದ ಸ್ಟೀಲ್ ಬಟ್ಟಲಿನ ಕಡೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ಕಾಫಿಪುಡಿ ಮತ್ತು ಬಿಸಿನೀರು ಒಂದಾಗುವ ಜಾಗ ಅದೊಂದೇ. ಅದಕ್ಕೆ ಫಿಲ್ಟರ್ ಬಾಸ್ಕೆಟ್ ಎಂದು ಹೆಸರು.

ಎಸ್ಪ್ರೆಸೊ ಎಂದೊಡನೆ ಕರ್ನಾಟಕದ ಒಂದು ತಲೆಮಾರಿಗೆ ಮದುವೆ ಮಂಟಪದ ಮೂಲೆಯಲ್ಲಿ ಬುಸುಗುಡುತ್ತಿದ್ದ ಯಂತ್ರ ನೆನಪಾಗುತ್ತದೆ. ಕೊಳವೆಯಿಂದ ಹಾಲಿಗೆ ಹಬೆ ಹಾಯಿಸಿ, ಇನ್‌ಸ್ಟಂಟ್ ಪುಡಿ ಬೆರೆಸಿ, ನೊರೆಯ ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಿದ್ದ ಆ ಕಾಫಿಯ ರುಚಿ ಬೇರೆ, ಸಂಭ್ರಮವೂ ಬೇರೆ. ಇಟಲಿಯವರು ಎಸ್ಪ್ರೆಸೊ ಎನ್ನುವುದು ಒತ್ತಡದ ಕಾಫಿಯನ್ನು. ಮಿಲಾನ್‌ನ ಅಕಿಲ್ಲೆ ಗಾಜಿಯಾ 1938ರಲ್ಲಿ ಪೇಟೆಂಟ್ ಪಡೆದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ಪ್ರಿಂಗ್ ಮತ್ತು ಸನ್ನೆಯ ಯಂತ್ರ ತಂದರು. ಅಲ್ಲಿಯವರೆಗೆ ಹಬೆಯ ಬಲದಿಂದ ಸಿಗುತ್ತಿದ್ದುದು ಒಂದೂವರೆ ಎರಡು ಬಾರ್ ಒತ್ತಡ ಮಾತ್ರ. ಸನ್ನೆ ಬಂದ ಮೇಲೆ ಲೋಟದ ಮೇಲೆ ಚಿನ್ನದ ಬಣ್ಣದ ನೊರೆ ಕಟ್ಟತೊಡಗಿತು. ಇಂದಿಗೂ ಎಸ್ಪ್ರೆಸೊದ ಗುರುತು ಆ ನೊರೆಯೇ.

ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಹಾಕಿಕೊಟ್ಟ ಲೆಕ್ಕ ಹೀಗಿದೆ: 7 ಗ್ರಾಂ ಪುಡಿ, 9 ಬಾರ್ ಒತ್ತಡ, 25 ಸೆಕೆಂಡ್, 25 ಮಿಲಿಲೀಟರ್ ಕಾಫಿ, ಎಲ್ಲಕ್ಕೂ ಚೂರುಪಾರು ಹೆಚ್ಚುಕಡಿಮೆ. ಇದರಲ್ಲಿ 9 ಬಾರ್ ಎಂಬುದನ್ನು ಬಿಡಿಸಿ ನೋಡಿದರೆ ಬಟ್ಟಲಿನ ಕಷ್ಟ ಅರ್ಥವಾಗುತ್ತದೆ. 58 ಮಿಲಿಮೀಟರ್ ಅಗಲದ ಬಾಸ್ಕೆಟ್‌ನ ಮೇಲ್ಮೈ ಸುಮಾರು 26 ಚದರ ಸೆಂಟಿಮೀಟರ್. ಅದರ ಮೇಲೆ 9 ಬಾರ್ ಎಂದರೆ ಹತ್ತಿರಹತ್ತಿರ 240 ಕಿಲೋ ಭಾರ. ಐವತ್ತು ಕಿಲೋದ ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದರಂತೆ ಐದು ಪೇರಿಸಿದಷ್ಟು! ಅಷ್ಟು ಭಾರದಲ್ಲಿ ನುಗ್ಗುವ ನೀರಿಗೆ ಪುಡಿಯಲ್ಲಿ ಒಂದು ಸಡಿಲ ಜಾಗ ಸಿಕ್ಕರೂ ಸಾಕು, ಎಲ್ಲವೂ ಅಲ್ಲೇ ಹರಿದುಹೋಗುತ್ತದೆ. ಆ ಜಾಗದ ಪುಡಿ ಕಹಿ ಬಿಡುತ್ತದೆ, ಉಳಿದ ಪುಡಿ ಅರ್ಧ ನೆನೆದು ಹುಳಿ ಕೊಡುತ್ತದೆ. ಒಂದೇ ಲೋಟದಲ್ಲಿ ಕಹಿ ಮತ್ತು ಹುಳಿ ಎರಡೂ ಇದ್ದರೆ ತಪ್ಪು ಬೀಜದ್ದೇ ಆಗಿರಬೇಕಿಲ್ಲ.

ಬದಲಿ ಬಾಸ್ಕೆಟ್ ಕೊಳ್ಳುವವರು ಮೊದಲು ತಿಳಿಯಬೇಕಾದ್ದು ಅಗಲ. ಇದರಲ್ಲಿ ಅಂದಾಜು ನಡೆಯುವುದಿಲ್ಲ. ಕೆಫೆಗಳ ಬಹುಪಾಲು ಯಂತ್ರಗಳು, ಮನೆಬಳಕೆಯಲ್ಲಿ ಗಾಜಿಯಾ ಕ್ಲಾಸಿಕ್, ರಾಂಚಿಲಿಯೊ ಸಿಲ್ವಿಯಾ ಇವೆಲ್ಲ 58 ಮಿಲಿಮೀಟರ್ ಕುಟುಂಬಕ್ಕೆ ಸೇರಿದವು. ಡೆಲಾಂಗಿಯ ಡೆಡಿಕಾದಂಥ ಚಿಕ್ಕ ಯಂತ್ರಗಳಿಗೆ 51. ಬ್ರೆವಿಲ್ ಕಂಪನಿಯ ಬ್ಯಾಂಬಿನೊ ಮತ್ತು ಬರಿಸ್ತಾ ಎಕ್ಸ್‌ಪ್ರೆಸ್ ಯಂತ್ರಗಳಿಗೆ 54, ಅದೇ ಕಂಪನಿಯ ಡ್ಯುಯಲ್ ಬಾಯ್ಲರ್ ಯಂತ್ರಕ್ಕೆ 58. ಯುರೋಪಿನಲ್ಲಿ ಇದೇ ಕಂಪನಿ ಸೇಜ್ ಎಂಬ ಹೆಸರಿನಲ್ಲಿ ಮಾರುತ್ತದೆ, ಆದ್ದರಿಂದ ಲಂಡನ್ನಿನಿಂದ ಮಗನೋ ಮಗಳೋ ತಂದುಕೊಟ್ಟ ಸೇಜ್ ಯಂತ್ರಕ್ಕೆ ಬ್ರೆವಿಲ್ ಬಾಸ್ಕೆಟ್ ಹುಡುಕಿದರೆ ತಪ್ಪಿಲ್ಲ. ಲಾ ಸ್ಪಾಜಿಯಾಲೆ ಎಂಬ ಇಟಲಿಯ ಯಂತ್ರಗಳದು 53.

ಯಂತ್ರದ ಹೆಸರು ಹೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ ಎನ್ನುವ ಭರವಸೆಯೂ ಒಮ್ಮೊಮ್ಮೆ ಕೈಕೊಡುತ್ತದೆ. ಲಾ ಪವೋನಿ ಕಂಪನಿಯ ಯೂರೋಪಿಕೋಲಾ ಎಂಬ ಸನ್ನೆಯ ಯಂತ್ರ 1961ರಿಂದ ಮಾರುಕಟ್ಟೆಯಲ್ಲಿದೆ. ಹೊರನೋಟದಲ್ಲಿ ಅಜ್ಜನ ಯಂತ್ರಕ್ಕೂ ಮೊಮ್ಮಗನ ಯಂತ್ರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಹಳೆಯದರ ಬಾಸ್ಕೆಟ್ 49 ಮಿಲಿಮೀಟರ್, ಹೊಸ ಶತಮಾನದ ಹೊಸ್ತಿಲಲ್ಲಿ ಬಂದ ಮಾದರಿಯಿಂದ ಈಚೆಗೆ 51. ಎರಡು ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ನಾಣ್ಯದ ದಪ್ಪ, ಅಷ್ಟರಲ್ಲೇ ಕೊಂಡ ದುಡ್ಡು ದಂಡವಾಗುತ್ತದೆ. ಹಳೆಯ ಯಂತ್ರ ಕೈಗೆ ಬಂದವರು ಹೆಸರು ನಂಬದೆ ಅಳತೆ ನಂಬಬೇಕು.

ಅಳೆಯಲು ಹೊಲಿಗೆಯ ಟೇಪು ಸಾಲದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಊರಿನ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ ಸಿಗುವ ವರ್ನಿಯರ್ ಕ್ಯಾಲಿಪರ್ ಬೇಕು. ಭೌತಶಾಸ್ತ್ರ ಪ್ರಯೋಗದಲ್ಲಿ ಹಲವರು ಒಮ್ಮೆ ಹಿಡಿದ ಸಾಧನವೇ. ಹಿಡಿಕೆಯಿಂದ ಬಾಸ್ಕೆಟ್ಟನ್ನು ಚಮಚದ ತುದಿಯಿಂದ ಮೀಟಿ ಹೊರತೆಗೆದು ಮೂರು ಅಳತೆ ಬರೆದಿಟ್ಟುಕೊಳ್ಳಬೇಕು: ಬಾಯಿಯ ಒಳಗಿನ ಅಗಲ, ಹೊರಗೆ ಮಡಚಿದ ಅಂಚಿನ ಅಗಲ, ಮತ್ತು ಆಳ. ಒಳ ಅಗಲ ಹೊಂದಿದರೂ ಅಂಚು ಹೊಂದದೆ ಕೂರದ ಬಾಸ್ಕೆಟ್‌ಗಳಿವೆ. ಆಳದ್ದು ಇನ್ನೊಂದು ತಕರಾರು. 22 ಗ್ರಾಂ ಹಿಡಿಯುವ ಆಳದ ಬಾಸ್ಕೆಟ್ ಮೂತಿ ಇರುವ ಹಿಡಿಕೆಯೊಳಗೆ ತಳಕ್ಕೆ ತಾಗಿ ಪೂರ್ತಿ ಕೂರದೆ ಹೋಗಬಹುದು. ಅಂಥದ್ದಕ್ಕೆ ತಳವೇ ಇಲ್ಲದ ಹಿಡಿಕೆ ಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರದ ಮಾತು: 58ರ ಬಾಸ್ಕೆಟ್ ಬೇರೆ ಬೇರೆ ಕಂಪನಿಗಳ 58ರ ಹಿಡಿಕೆಯಲ್ಲಿ ಸಾಮಾನ್ಯವಾಗಿ ಕೂರುತ್ತದೆ, ಆದರೆ ಹಿಡಿಕೆ ಹಾಗಲ್ಲ. ಅದರ ಎರಡು ಕಿವಿಗಳ ದಪ್ಪ, ಓರೆ ಕಂಪನಿಯಿಂದ ಕಂಪನಿಗೆ ಬೇರೆ. ಹಿಡಿಕೆಯನ್ನು ಮಾತ್ರ ಯಂತ್ರದ ಮಾದರಿಯ ಹೆಸರು ಹಿಡಿದೇ ಕೊಳ್ಳಬೇಕು.

ಅಗಲ ಗೊತ್ತಾದ ಮೇಲೆ ಬರುವ ಪ್ರಶ್ನೆ ಒಂಟಿ ಗೋಡೆಯದೋ ಜೋಡಿ ಗೋಡೆಯದೋ ಎಂಬುದು. ಮನೆಯ ಚಿಕ್ಕ ಯಂತ್ರಗಳ ಜೊತೆ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಬರುವುದು ಜೋಡಿ ಗೋಡೆಯ ಬಾಸ್ಕೆಟ್. ಒಳಗಿನಿಂದ ನೋಡಿದರೆ ನೂರಾರು ತೂತು ಕಾಣುತ್ತದೆ, ತಿರುಗಿಸಿ ತಳ ನೋಡಿದರೆ ಸೂಜಿಮೊನೆಯಂಥ ಒಂದೇ ತೂತು. ಒತ್ತಡ ಹುಟ್ಟುವುದು ಪುಡಿಯಿಂದಲ್ಲ, ಆ ಒಂದು ತೂತಿನಿಂದ. ಅಂಗಡಿಯಲ್ಲಿ ಪುಡಿ ಮಾಡಿಸಿ ತಂದ, ಸ್ವಲ್ಪ ತರಿಯಾದ ಕಾಫಿಗೂ ಅದು ನೊರೆ ಬರಿಸುತ್ತದೆ. ಮನೆಯಲ್ಲಿ ಬೀಜ ಪುಡಿಮಾಡುವ ಗ್ರೈಂಡರ್ ಇಲ್ಲದವರಿಗೆ ಇದೇ ಸರಿಯಾದ ಬಾಸ್ಕೆಟ್, ಅದನ್ನು ಕೀಳೆಂದು ಎಸೆಯುವ ಅಗತ್ಯವಿಲ್ಲ. ಆದರೆ ಅದರ ನೊರೆ ಕಾಫಿಯ ಸಾರ ಹೇಳುವುದಿಲ್ಲ, ಕಿರಿದಾದ ತೂತಿನಿಂದ ಚಿಮ್ಮಿದ ರಭಸವನ್ನಷ್ಟೇ ಹೇಳುತ್ತದೆ. ಹಳೆಯ ಪುಡಿಯೂ ಹೊಸ ಪುಡಿಯೂ ಅದರಲ್ಲಿ ಒಂದೇ ರೀತಿ ನೊರೆಯುತ್ತವೆ.

ಒಂಟಿ ಗೋಡೆಯ ಬಾಸ್ಕೆಟ್‌ನಲ್ಲಿ ನೀರನ್ನು ತಡೆಯುವ ಕೆಲಸವೆಲ್ಲ ಪುಡಿಯದೇ. ಪುಡಿ ನುಣುಪಾಗಿರಬೇಕು, ಸಮವಾಗಿ ಹರಡಿರಬೇಕು, ಟ್ಯಾಂಪರ್‌ನಿಂದ ಓರೆಯಾಗದಂತೆ ಒತ್ತಿರಬೇಕು. ಒಳ್ಳೆಯ ಗ್ರೈಂಡರ್ ಇಲ್ಲದೆ ಇದಕ್ಕೆ ಕೈಹಾಕಿದರೆ ಎಂಟು ಹತ್ತು ಸೆಕೆಂಡಿನಲ್ಲಿ ತೆಳ್ಳನೆಯ ಕಾಫಿ ಧಾರೆಯಾಗಿ ಸುರಿಯುತ್ತದೆ.

ಕರ್ನಾಟಕದ ಅಡುಗೆಮನೆಗೇ ಸಂಬಂಧಿಸಿದ ಇನ್ನೊಂದು ಮಾತು ಇಲ್ಲಿ ಹೇಳಬೇಕು. ನಮ್ಮ ಬಹುಪಾಲು ಫಿಲ್ಟರ್ ಕಾಫಿಪುಡಿಗಳಲ್ಲಿ ಚಿಕೋರಿ ಬೆರೆತಿರುತ್ತದೆ. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಪ್ರತಿಶತದವರೆಗೂ ಇರಬಹುದು. ಹಿತ್ತಾಳೆ ಫಿಲ್ಟರ್‌ನಲ್ಲಿ ಅದು ಡಿಕಾಕ್ಷನ್ನಿಗೆ ಗಟ್ಟಿತನ ಕೊಡುತ್ತದೆ. ಎಸ್ಪ್ರೆಸೊ ಬಾಸ್ಕೆಟ್‌ನಲ್ಲಿ ಬಿಸಿನೀರು ತಾಗಿದೊಡನೆ ಅಂಟಂಟಾಗಿ ತೂತುಗಳನ್ನು ಕಟ್ಟುತ್ತದೆ. ಬಾಸ್ಕೆಟ್ ಪದೇ ಪದೇ ಮುಚ್ಚಿಕೊಳ್ಳುತ್ತಿದ್ದರೆ ಬದಲಿಸಬೇಕಾದ್ದು ಬಾಸ್ಕೆಟ್ಟನ್ನಲ್ಲ, ಪುಡಿಯನ್ನು. ಯಂತ್ರಕ್ಕೆ ಚಿಕೋರಿ ಇಲ್ಲದ ಕಾಫಿಯೇ ಆಗಬೇಕು.

ಇನ್ನು ತೂಕ. ಬಾಸ್ಕೆಟ್ ಮೇಲೆ 14, 18, 20 ಎಂದು ಬರೆದಿರುವುದು ಅಲಂಕಾರಕ್ಕಲ್ಲ. 18 ಗ್ರಾಮಿನದರಲ್ಲಿ 17ರಿಂದ 19ರವರೆಗೆ ಹಾಕಬಹುದು, ಅದರಾಚೆ ಹೋದರೆ ತೊಂದರೆ ಶುರು. ಹೆಚ್ಚಾದರೆ ಪುಡಿ ಉಬ್ಬಿ ನೀರು ಬೀಳುವ ಮೇಲಿನ ಜಾಲರಿಗೆ ಒತ್ತಿಕೊಳ್ಳುತ್ತದೆ, ಕಡಿಮೆಯಾದರೆ ಮೇಲೆ ನೀರು ನಿಂತು ಪುಡಿಯ ಬಿಲ್ಲೆ ಕೆಸರಾಗುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಒಂದು ರೂಪಾಯಿಯ ಉಪಾಯವಿದೆ. ಪುಡಿ ಹಾಕಿ ಒತ್ತಿದ ಮೇಲೆ ಚೆನ್ನಾಗಿ ತೊಳೆದ ಒಂದು ರೂಪಾಯಿ ನಾಣ್ಯವನ್ನು ನಡುವೆ ಇಟ್ಟು, ಹಿಡಿಕೆಯನ್ನು ಯಂತ್ರಕ್ಕೆ ಸಿಕ್ಕಿಸಿ, ನೀರು ಬಿಡದೆ ಮತ್ತೆ ತೆಗೆಯಬೇಕು. ನಾಣ್ಯ ಪುಡಿಯೊಳಗೆ ಹೂತುಹೋಗಿದ್ದರೆ ಜಾಗ ಸಾಲದು, ಒಂದು ಗ್ರಾಂ ಇಳಿಸಬೇಕು. ನಾಣ್ಯ ಅಲುಗಾಡದೆ, ಮೇಲ್ಮೈಗೆ ಸ್ವಲ್ಪವೇ ತಾಗಿದ ಗುರುತು ಬಿಟ್ಟಿದ್ದರೆ ಹದ ಕೂಡಿದೆ. ಆ ನಾಣ್ಯದ ಒಂದೂವರೆ ಮಿಲಿಮೀಟರ್ ದಪ್ಪ ಪುಡಿ ಉಬ್ಬಲು ಬೇಕಾದ ಅವಕಾಶಕ್ಕೆ ಹತ್ತಿರದ ಅಳತೆ.

ಬೀಜದ ಹುರಿತವೂ ಈ ಲೆಕ್ಕದಲ್ಲಿ ಕೈಯಾಡಿಸುತ್ತದೆ. ಕಪ್ಪಗೆ ಹುರಿದ ಬೀಜ ಉಬ್ಬಿ ಹಗುರಾಗಿರುತ್ತದೆ, ಅದರ 18 ಗ್ರಾಂ ಬಾಸ್ಕೆಟ್ ತುಂಬಾ ತುಂಬಿಕೊಳ್ಳುತ್ತದೆ. ಎಳೆಯದಾಗಿ ಹುರಿದ ಬೀಜದ 18 ಗ್ರಾಂ ಅದೇ ಬಾಸ್ಕೆಟ್‌ನಲ್ಲಿ ತಗ್ಗಾಗಿ ಕೂರುತ್ತದೆ. ಅಗಲ ಬದಲಾದರೂ ಹೀಗೇ. 58ರಲ್ಲಿ ಹರಡಿದ ಅದೇ ತೂಕದ ಪುಡಿ 51ರಲ್ಲಿ ಸುಮಾರು 30 ಪ್ರತಿಶತ ಹೆಚ್ಚು ಎತ್ತರ ನಿಲ್ಲುತ್ತದೆ, ನೀರು ದಾಟುವ ದಾರಿ ಅಷ್ಟು ಉದ್ದವಾಗುತ್ತದೆ. 51ರ ಯಂತ್ರ ಇರುವವರು ಕೆಫೆಯವರ 20 ಗ್ರಾಂ ಲೆಕ್ಕಕ್ಕೆ ಹಟ ಹಿಡಿಯದೆ 14ರ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು.

ಒಬ್ಬರಿಗೊಂದೇ ಲೋಟ ಸಾಕೆಂದು 7 ಗ್ರಾಮಿನ ಒಂಟಿ ಬಾಸ್ಕೆಟ್ ಕೊಳ್ಳುವವರಿದ್ದಾರೆ. ಅದು ಆಲಿಕೆಯಂತೆ ಕೆಳಗೆ ಕಿರಿದಾಗುತ್ತದೆ, ಆದ್ದರಿಂದ ಪುಡಿ ಸಮವಾಗಿ ಒತ್ತುವುದು ನುರಿತವರಿಗೂ ಕಷ್ಟ. ಜೋಡಿ ಬಾಸ್ಕೆಟ್‌ನಲ್ಲಿ ಮಾಡಿ ಇಬ್ಬರು ಹಂಚಿಕೊಳ್ಳುವುದೇ ಮೇಲು.

ಕಳೆದ ಒಂದೂವರೆ ದಶಕದಲ್ಲಿ ಬಾಸ್ಕೆಟ್ ಲೋಕದಲ್ಲಿ ಹೆಚ್ಚು ಕೇಳಿಬಂದ ಎರಡು ಹೆಸರು ಅಮೆರಿಕದ ವಿಎಸ್‌ಟಿ ಮತ್ತು ಇಟಲಿಯ ಐಎಂಎಸ್. ಯಂತ್ರದ ಜೊತೆ ಬರುವ ಸಾಮಾನ್ಯ ಬಾಸ್ಕೆಟ್‌ಗಳಲ್ಲಿ ತೂತುಗಳು ಒಂದು ದೊಡ್ಡದು ಒಂದು ಚಿಕ್ಕದು, ಕೆಲವು ಅರ್ಧ ಮುಚ್ಚಿದವು ಇರುವುದುಂಟು. ಈ ಕಂಪನಿಗಳು ಪ್ರತಿ ತೂತಿನ ಅಳತೆಯೂ ಒಂದೇ ಇರುವಂತೆ ನೋಡಿಕೊಂಡು ಮಾರಾಟಕ್ಕಿಟ್ಟವು. ಕಪ್ಪಿನಿಂದ ಕಪ್ಪಿಗೆ ರುಚಿ ಬದಲಾಗದಿರುವುದು ಇದರ ಲಾಭ. ಆದರೆ ಇಂಥ ಬಾಸ್ಕೆಟ್‌ನಲ್ಲಿ ನೀರು ಬೇಗ ಇಳಿಯುತ್ತದೆ, ಪುಡಿಯನ್ನು ಮೊದಲಿಗಿಂತ ನುಣುಪು ಮಾಡಬೇಕಾಗುತ್ತದೆ, ಗ್ರೈಂಡರ್‌ನ ದೋಷ, ಕೈಯ ದೋಷ ಎಲ್ಲ ಬಯಲಾಗುತ್ತದೆ. ಟ್ಯಾಂಪರ್ ಕೂಡ 58ರ ಬದಲು 58.5ರದ್ದು ಬೇಕೆನಿಸುತ್ತದೆ, ಇಲ್ಲವಾದರೆ ಗೋಡೆಯ ಸುತ್ತ ಒತ್ತದೆ ಉಳಿದ ಪುಡಿಯ ಉಂಗುರದಲ್ಲೇ ನೀರು ಜಾರುತ್ತದೆ. ಹೀಗಾಗಿ ಕೈ ಇನ್ನೂ ಪಳಗದವರು ಮೊದಲ ದಿನವೇ ದುಬಾರಿ ಬಾಸ್ಕೆಟ್ ಕೊಂಡರೆ ನಿರಾಸೆಯೇ ಹೆಚ್ಚು.

ಬಾಸ್ಕೆಟ್‌ನ ಹೊಟ್ಟೆಯ ಸುತ್ತ ಒಂದು ಏಣು ಇರುವುದೂ ಇದೆ, ಇಲ್ಲದಿರುವುದೂ ಇದೆ. ಏಣಿದ್ದರೆ ಹಿಡಿಕೆಯೊಳಗಿನ ತಂತಿ ಸ್ಪ್ರಿಂಗ್ ಅದನ್ನು ಬಿಗಿಯಾಗಿ ಹಿಡಿಯುತ್ತದೆ, ಚರಟ ಕೊಡವುವಾಗ ಬಾಸ್ಕೆಟ್ ಹಾರಿ ಕಸದ ಬುಟ್ಟಿಗೆ ಬೀಳುವುದಿಲ್ಲ. ಏಣಿಲ್ಲದ್ದು ತೊಳೆಯಲು ಸುಲಭ. ಸಡಿಲವಾಗಿದೆ ಎನಿಸಿದರೆ ಆ ತಂತಿ ಸ್ಪ್ರಿಂಗನ್ನು ಮಾತ್ರ ಬದಲಿಸಿದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ, ಹಳೆಯ ಯಂತ್ರಕ್ಕೆ ಬದಲಿ ಭಾಗ ಕೊಳ್ಳುವವರು ಮೊದಲ ದುಡ್ಡನ್ನು ಬಾಸ್ಕೆಟ್‌ಗೆ ಹಾಕಬಾರದು. ಮೊದಲು ಬರಬೇಕಾದ್ದು ಗ್ಯಾಸ್ಕೆಟ್. ಪ್ರೆಷರ್ ಕುಕ್ಕರ್ ಇರುವ ಮನೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ: ಕುಕ್ಕರಿನ ಅಂಚಿನಿಂದ ಹಬೆ ಸೋರಿ ಸೀಟಿ ಬಾರದೆ ಹೋದರೆ ಗ್ಯಾಸ್ಕೆಟ್ ಬದಲಿಸುತ್ತಾರೆ. ಎಸ್ಪ್ರೆಸೊ ಯಂತ್ರದಲ್ಲೂ ಹಿಡಿಕೆ ಸಿಕ್ಕಿಸುವ ಜಾಗದಲ್ಲಿ ಅಂಥದ್ದೇ ರಬ್ಬರ್ ಬಳೆ ಇದೆ. ದಿನವೂ ಬಿಸಿ ತಿಂದು ಅದು ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುತ್ತದೆ. ಮೊದಲು ನೇರ ಎದುರಿಗೆ ಬಂದು ನಿಲ್ಲುತ್ತಿದ್ದ ಹಿಡಿಕೆ ಬಲಕ್ಕೆ ಬಲಕ್ಕೆ ಸರಿಯತೊಡಗಿದರೆ, ಕಾಫಿ ಇಳಿಯುವಾಗ ಅಂಚಿನಿಂದ ನೀರು ಜಿನುಗಿದರೆ, ಇನ್ನಷ್ಟು ಬಲ ಹಾಕಿ ತಿರುಗಿಸುವುದು ಬೇಡ. ಹೊಸ ಗ್ಯಾಸ್ಕೆಟ್ ಹಾಕುವ ಕಾಲ ಬಂದಿದೆ.

ಅದರಲ್ಲೂ ಅಳತೆಯ ಸೂಕ್ಷ್ಮವಿದೆ. ಫಾಯೆಮಾ ಕಂಪನಿಯ ಇ61 ಮಾದರಿಯ ಯಂತ್ರಗಳಿಗೆ 8 ಮತ್ತು 8.5 ಮಿಲಿಮೀಟರ್ ದಪ್ಪದ ಗ್ಯಾಸ್ಕೆಟ್‌ಗಳು ಸಿಗುತ್ತವೆ. ಹಿಡಿಕೆ ಎಲ್ಲಿ ಬಂದು ನಿಲ್ಲಬೇಕೆಂಬುದನ್ನು ಆ ಅರ್ಧ ಮಿಲಿಮೀಟರ್ ತೀರ್ಮಾನಿಸುತ್ತದೆ. ಸಾಮಾನ್ಯ ರಬ್ಬರಿನದು ಅಗ್ಗ, ಸಿಲಿಕೋನ್‌ನದು ಬೇಗ ಗಟ್ಟಿಯಾಗುವುದಿಲ್ಲ, ತೆಗೆಯಲೂ ಸುಲಭ. ಹಳೆಯ ರಬ್ಬರನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತುಂಡು ತುಂಡಾಗಿ ತೆಗೆದ ಮೇಲೆ ಆ ಕಾಲುವೆಯಲ್ಲಿ ಕಟ್ಟಿದ ಕರಿಯ ಕಾಫಿ ಜಿಡ್ಡನ್ನು ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಹೊಸದು ಸಮ ಕೂರುವುದಿಲ್ಲ. ಗ್ಯಾಸ್ಕೆಟ್ ಜೊತೆಗೇ ಹೊರಬರುವ ನೀರಿನ ಜಾಲರಿಯನ್ನೂ ಆಗಲೇ ನೋಡಿಬಿಡಬೇಕು. ಬೋರ್‌ವೆಲ್‌ನ ಗಡುಸು ನೀರು ಬಳಸುವ ಬಡಾವಣೆಗಳಲ್ಲಿ ಬಕೆಟ್ಟಿಗೆ, ನಲ್ಲಿಗೆ ಕಟ್ಟುವ ಬಿಳಿಯ ಪದರವೇ ಇಲ್ಲೂ ಕಟ್ಟುತ್ತದೆ. ಜಾಲರಿಯ ಒಂದು ಬದಿ ಮುಚ್ಚಿದರೆ ನೀರು ಇನ್ನೊಂದು ಬದಿಗಷ್ಟೇ ಬೀಳುತ್ತದೆ, ಆಗ ಎಂಥ ಬಾಸ್ಕೆಟ್ ಇದ್ದರೂ ಪ್ರಯೋಜನವಿಲ್ಲ.

ಬಾಸ್ಕೆಟ್ ಮುಚ್ಚಿಕೊಂಡರೆ ಹಿತ್ತಾಳೆ ಫಿಲ್ಟರಿಗೆ ಮಾಡುವ ಹಾಗೆ ಉರಿಗೆ ಹಿಡಿಯಬಾರದು. ತೆಳು ಸ್ಟೀಲ್ ಬಣ್ಣಗೆಡುತ್ತದೆ, ತಳ ಸೊಟ್ಟಗಾಗಬಹುದು. ಕಾಫಿ ಯಂತ್ರಕ್ಕೆಂದೇ ಸಿಗುವ ಶುಚಿ ಪುಡಿಯನ್ನು ಬಿಸಿನೀರಿಗೆ ಹಾಕಿ ಕಾಲು ಗಂಟೆ ನೆನೆಸಿ, ಚೆನ್ನಾಗಿ ತೊಳೆದರೆ ಕಂದು ಜಿಡ್ಡು ಕರಗಿ ಹೋಗುತ್ತದೆ. ಯಂತ್ರದಲ್ಲಿ ಮೂರು ದಾರಿಯ ವಾಲ್ವ್ ಇದ್ದರೆ, ಗಾಜಿಯಾ ಕ್ಲಾಸಿಕ್‌ನಂಥವುಗಳಲ್ಲಿ ಅದಿದೆ, ತೂತಿಲ್ಲದ ಕುರುಡು ಬಾಸ್ಕೆಟ್ ಒಂದನ್ನು ಕೊಂಡು ಅದರಲ್ಲಿ ಇದೇ ಪುಡಿ ಹಾಕಿ ನೀರನ್ನು ಹಿಂದಕ್ಕೆ ಹಾಯಿಸಿ ಒಳಭಾಗ ತೊಳೆಯಬಹುದು. ಆ ವಾಲ್ವ್ ಇಲ್ಲದ ಯಂತ್ರಗಳಿಗೆ, ಕೈಸನ್ನೆಯ ಯಂತ್ರಗಳಿಗೆ ಈ ಪ್ರಯೋಗ ಮಾಡಲೇಬಾರದು. ಅಂಚು ನೆಗ್ಗಿದ ಬಾಸ್ಕೆಟ್ಟನ್ನು ಮಾತ್ರ ತಟ್ಟಿ ಸರಿಮಾಡುವ ಗೋಜಿಗೆ ಹೋಗದೆ ಬದಲಿಸಬೇಕು, ಏಕೆಂದರೆ ಗ್ಯಾಸ್ಕೆಟ್ ಒತ್ತಿ ಕೂರುವುದು ಆ ಅಂಚಿನ ಮೇಲೆಯೇ.

ದೇಶದ ಕಾಫಿಯಲ್ಲಿ ಸುಮಾರು 70 ಪ್ರತಿಶತ ಬೆಳೆಯುವುದು ಕರ್ನಾಟಕದಲ್ಲಿ. ಭಾರತದ ಕಾಫಿಗೆ ವಿದೇಶದಲ್ಲಿ ಅತಿ ದೊಡ್ಡ ಗಿರಾಕಿ ಇಟಲಿ. ಕೊಡಗು, ಚಿಕ್ಕಮಗಳೂರಿನ ರೊಬಸ್ಟಾ ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ಸೇರುವುದು ನೊರೆಗಾಗಿ, ಮೈಗಟ್ಟಿಗಾಗಿ. ಆ ಬೀಜ ಇಲ್ಲಿ ತಾಜಾ ಸಿಗುತ್ತದೆ. ಹೀಗಿರುವಾಗ ಕಾಫಿ ಕೆಟ್ಟಿತೆಂದು ವಿದೇಶಿ ಬೀಜ ತರಿಸುವ ಮೊದಲು ಗ್ಯಾಸ್ಕೆಟ್, ಜಾಲರಿ, ಬಾಸ್ಕೆಟ್ ಮೂರನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು ಲೇಸು.

ಹೊಸ ಯಂತ್ರವನ್ನೇ ಕೊಳ್ಳುವವರಿಗೂ ಇದರಲ್ಲಿ ಒಂದು ಸೂಚನೆ ಇದೆ. ಯಂತ್ರದ ಹೊಳಪು, ಪೆಟ್ಟಿಗೆಯ ಮೇಲೆ ಬರೆದ 15 ಬಾರ್, 20 ಬಾರ್ ಎಂಬ ದೊಡ್ಡ ಅಂಕಿ ಇವುಗಳಿಗಿಂತ, ಐದು ವರ್ಷದ ಮೇಲೆ ಅದರ ಗ್ಯಾಸ್ಕೆಟ್ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ. ಫಾಯೆಮಾ ಕಂಪನಿ ಇ61 ಯಂತ್ರವನ್ನು ಹೊರತಂದದ್ದು 1961ರಲ್ಲಿ. ಆ ವರ್ಷ ಫೆಬ್ರವರಿ 15ರಂದು ಇಟಲಿಯಲ್ಲಿ ಕಂಡ ಸೂರ್ಯಗ್ರಹಣದ (ಎಕ್ಲಿಪ್ಸ್) ನೆನಪಿಗೆ ಅದಕ್ಕೆ ಆ ಹೆಸರಿಟ್ಟರು. ಅದರ 58 ಮಿಲಿಮೀಟರ್ ಬಾಸ್ಕೆಟ್, ಗ್ಯಾಸ್ಕೆಟ್, ಜಾಲರಿ ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ.